ವಿಜ್ಞಾನ–ಕಲೆಗಳ ಸಮನ್ವಯ ಶಿಕ್ಷಣ: ಅಡ್ಯಾರಿನ ಶಿಕ್ಷಕರ ತರಬೇತಿ

ಅಡ್ಯಾರ್ ಎಂದೊಡನೆ ಚೆನ್ನೈ ಕನ್ನಡಿಗರಾದ ನಮಗೆ ಥಿಯಾಸಾಫಿಕಲ್ ಸೊಸೈಟಿಯ ಆಲದ ಮರವೂ ಅಲ್ಲಿ ಹುಟ್ಟಿದ ಕಲಾಕ್ಷೇತ್ರವೂ ನೆನಪಿಗೆ ಬರುತ್ತವೆ. ವಿಜ್ಞಾನವನ್ನೂ ಕಲೆಯನ್ನೂ ಬೇರ್ಪಡಿಸದೆ ಬೋಧಿಸಬಲ್ಲ ಶಿಕ್ಷಕರನ್ನು ಸಿದ್ಧಗೊಳಿಸುವ ಮಹತ್ವದ ಪ್ರಯತ್ನವೊಂದು ಅದೇ ಆವರಣದಲ್ಲಿ ನಡೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಇಟಲಿಯ ವೈದ್ಯೆಯೂ ಶಿಕ್ಷಣತಜ್ಞೆಯೂ ಆದ ಡಾ. ಮರಿಯಾ ಮಾಂಟೆಸ್ಸರಿಯವರು ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿ ದಂಪತಿಗಳ ಆಹ್ವಾನದ ಮೇರೆಗೆ ೧೯೩೯ರಲ್ಲಿ ಮಗ ಮಾರಿಯೊ ಅವರೊಡನೆ ಮದರಾಸಿಗೆ ಬಂದರು. ಆಗ ಅವರಿಗೆ ೬೯ ವರ್ಷ. ಮೊದಲ ತರಬೇತಿಗೆ ಸುಮಾರು ೩೦೦ ಮಂದಿ ಸೇರಿದರು. ತಾಯಿಯ ಇಟಾಲಿಯನ್ ಉಪನ್ಯಾಸವನ್ನು ಮಗ ಇಂಗ್ಲಿಷಿಗೆ ಅನುವಾದಿಸುತ್ತಿದ್ದರು. ೧೯೪೦ರಲ್ಲಿ ಇಟಲಿ ಯುದ್ಧಕ್ಕಿಳಿದುದರಿಂದ ಬ್ರಿಟಿಷ್ ಸರ್ಕಾರವು ಮಾರಿಯೊ ಅವರನ್ನು ಬಂಧನದಲ್ಲಿರಿಸಿತು. ತಾಯಿಯ ೭೦ನೆಯ ಹುಟ್ಟುಹಬ್ಬದ ವೇಳೆಗೆ ಬಿಡುಗಡೆ ದೊರೆಯಿತು. ಸ್ವದೇಶಕ್ಕೆ ಮರಳಲಾಗದ ಅವರ ಭಾರತವಾಸ ೧೯೪೬ರವರೆಗೂ ಮುಂದುವರಿಯಿತು.

ಈ ಅವಧಿಯಲ್ಲಿ, ಅದರಲ್ಲೂ ಕೊಡೈಕನಾಲಿನಲ್ಲಿದ್ದಾಗ, ಅವರು ಬೆಳೆಸಿದ ಪದ್ಧತಿಗೆ ‘ಕಾಸ್ಮಿಕ್ ಶಿಕ್ಷಣ’ವೆಂದು ಹೆಸರು, ನಾವು ವಿಶ್ವಶಿಕ್ಷಣವೆನ್ನಬಹುದು. ಭೂಮಿಯ ಹುಟ್ಟು, ಜೀವಿಗಳ ವಿಕಾಸ, ಮಾನವನ ಆಗಮನ, ಅಕ್ಷರ–ಅಂಕಿಗಳ ಉದಯ ಇವೆಲ್ಲವನ್ನೂ ೬ರಿಂದ ೧೨ ವರ್ಷದ ಮಕ್ಕಳಿಗೆ ಒಂದೇ ಮಹಾಕಥೆಯ ಅಂಗಗಳಾಗಿ ಹೇಳುವ ಕ್ರಮವದು. ಇನ್ನೂ ಚಿಕ್ಕ ಮಕ್ಕಳಿಗೆ ಎಲೆಯ ಪಾಠವನ್ನೇ ನೋಡಿ: ಮರದ ಎಲೆಯಾಕಾರದ ಅಂಚನ್ನು ಮಗು ಕಡ್ಡಿಯಿಂದ ಸವರುತ್ತದೆ, ಅದೇ ರೇಖೆಯನ್ನು ಕಾಗದದ ಮೇಲೆ ಬಿಡಿಸಿ ಬಣ್ಣ ತುಂಬುತ್ತದೆ, ಆಮೇಲೆ ಆಕಾರದ ಹೆಸರು ಕಲಿತು ತೋಟದಲ್ಲಿ ಅಂಥದೇ ಎಲೆಯನ್ನು ಹುಡುಕುತ್ತದೆ. ಚಿತ್ರಕಲೆ ಎಲ್ಲಿ ಮುಗಿದು ಸಸ್ಯಶಾಸ್ತ್ರ ಎಲ್ಲಿ ಆರಂಭವಾಯಿತೆಂದು ಹೇಳುವವರಾರು?

ಹೀಗೆ ಕಲಿಸಬೇಕಾದರೆ ಶಿಕ್ಷಕಿಗೆ ಮೊದಲು ಅದು ಕೈಗತವಾಗಬೇಕು. ಆದುದರಿಂದಲೇ ಮಾಂಟೆಸ್ಸರಿ ತರಬೇತಿಯಲ್ಲಿ ಪ್ರತಿಯೊಂದು ಸಾಧನವನ್ನೂ ಸ್ವತಃ ಬಳಸಿ ಅಭ್ಯಾಸ ಮಾಡಬೇಕು. ಪಾಠಗಳನ್ನು ತಾನೇ ಬರೆದು, ಚಿತ್ರ ಬಿಡಿಸಿ, ಕೈಪಿಡಿ ಸಿದ್ಧಪಡಿಸಬೇಕು. ಇಡೀ ಪದ್ಧತಿಯ ಜೀವಾಳ ಇಲ್ಲಿದೆಯೆಂದು ನಮ್ಮ ಭಾವನೆ.

ಮೈಸೂರಿನಲ್ಲಿ ೧೯೬೩ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು (ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ) ವಿಷಯಜ್ಞಾನವನ್ನೂ ಬೋಧನಕ್ರಮವನ್ನೂ ನಾಲ್ಕು ವರ್ಷಗಳ ಒಂದೇ ಪದವಿಯಲ್ಲಿ ಬೆಸೆಯಿತು. ಅಲ್ಲಿಯೂ ವಿಜ್ಞಾನದವರಿಗೊಂದು ಪದವಿ, ಕಲಾವಿಭಾಗದವರಿಗೆ ಮತ್ತೊಂದು!

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ೨೦೧೯ರಲ್ಲಿ ತನ್ನ ಶಾಲೆಗಳಿಗೆ ಕಲಾಸಂಯೋಜಿತ ಕಲಿಕೆಯನ್ನು ವಿಧಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಎತ್ತಿಹಿಡಿಯಿತು. ಆದರೆ ನಮ್ಮ ಮನೆಗಳಲ್ಲಿ ಇದರ ಅರ್ಥ ಅನೇಕ ವೇಳೆ ಹಿಂದಿನ ರಾತ್ರಿ ತಾಯಂದಿರು ಥರ್ಮೋಕೋಲ್ ಕತ್ತರಿಸುವುದೆಂದಾಗಿದೆ. ಶಿಕ್ಷಕರಿಗೆ ತರಬೇತಿಯಿಲ್ಲದೆ ಸುತ್ತೋಲೆ ಮಾತ್ರ ತಲುಪಿದರೆ ಬೇರೇನಾದೀತು?

ಮಕ್ಕಳನ್ನು ಶಾಲೆಗೆ ಸೇರಿಸಲು ಹೋಗುವ ನಮ್ಮ ಬಾಂಧವರು ಕಟ್ಟಡ, ಪ್ರಯೋಗಾಲಯಗಳನ್ನು ನೋಡಿದ ಬಳಿಕ, ಶಿಕ್ಷಕಿ ಸ್ವಹಸ್ತದಿಂದ ಸಿದ್ಧಪಡಿಸಿದ ಪಾಠದ ಪುಸ್ತಕವನ್ನೂ ಒಮ್ಮೆ ಕೇಳಿ ನೋಡಬಹುದು.