ಹಾಳೆ ಗಾಡಿ ರೇಸು

ಸೋಗೆ ಸಮೇತ ಉದುರಿದ ಅಡಿಕೆ ಹಾಳೆಯೇ ಗಾಡಿ. ಒಬ್ಬ ಹಾಳೆಯ ಮೇಲೆ ಕಾಲು ಮಡಚಿ ಕೂತರೆ ಇನ್ನೊಬ್ಬ ಸೋಗೆಯ ತುದಿ ಹಿಡಿದು ಓಡಬೇಕು. ಅಂಗಳದಲ್ಲಿ ಎಳೆಯುವವನೇ ಎಂಜಿನ್. ಒಣಹುಲ್ಲಿನ ಗುಡ್ಡದ ಇಳಿಜಾರಿನಲ್ಲಿ ಅವನೂ ಬೇಡ. ಮುರಕಲ್ಲು ಅಡ್ಡ ಸಿಕ್ಕಿದರೆ ಹಾಳೆಯ ಜೊತೆ ಚಡ್ಡಿಯೂ ಹರಿಯುತ್ತಿತ್ತು.

ಅಂಗಡಿಯ ರೇಸಿನ ಆಟದ ರೀತಿಯೇ ಬೇರೆ. 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಸ್ಕೇಲೆಕ್ಸ್‌ಟ್ರಿಕ್ ಎಂಬ ಸ್ಲಾಟ್ ಕಾರ್ ಆಟವನ್ನು ಹೊರತಂದರು. ಪುಟ್ಟ ಕಾರುಗಳು ಟ್ರ್ಯಾಕಿನ ಸೀಳಿನಲ್ಲಿ ಸಾಗುತ್ತ, ಸೀಳಿನ ಅಂಚಿನ ಲೋಹದ ಪಟ್ಟಿಯಿಂದ ಕರೆಂಟು ಪಡೆಯುತ್ತಿದ್ದವು. ತಿರುವಿನಲ್ಲಿ ವೇಗ ಹೆಚ್ಚಾದರೆ ಹೊರಕ್ಕೆ ಹಾರುತ್ತಿದ್ದವು. ಹಾಳೆ ಗಾಡಿಗೆ ಸೀಳೂ ಇಲ್ಲ, ಕರೆಂಟೂ ಬೇಡ. ಕಾಲೂರುವುದೇ ಬ್ರೇಕು.

ಮಂಗಳೂರಿನ ಆಸುಪಾಸಿನ ತೋಟಗಳಲ್ಲಿ ಹಾಳೆ ಈಗಲೂ ಬೀಳುತ್ತದೆ. ಅದರಲ್ಲಿ ಮುಟ್ಟಾಳೆ ಎಂಬ ಟೊಪ್ಪಿ ಮಾಡುತ್ತಾರೆ. ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಊಟದ ತಟ್ಟೆ ತೆಗೆಯುತ್ತಾರೆ. ಜಾರುವ ಗುಡ್ಡಗಳು ಮಾತ್ರ ಎಷ್ಟೋ ಕಡೆ ಸೈಟುಗಳಾಗಿವೆ.