ಸದ್ದೂ ಒಂದು ಅಹವಾಲು

ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರಳಿ ಕೇಳುತ್ತದೆ. ಕೆಳಗಿಳಿದರೆ ಎದುರಿಗೇ ನಗಾರಖಾನೆ. ಈಗ ಅದು ವಸ್ತುಸಂಗ್ರಹಾಲಯ. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನ ಕಾಲಕ್ಕೆ ನಗಾರಿಯೆಂದರೆ ದೊರೆತನದ ಸದ್ದು. ಹಳ್ಳಿಯಲ್ಲಿ ಡಂಗುರವೂ ಅಂಥದೇ. ಬಾರಿಸುವ ಅಪ್ಪಣೆ ಮೇಲಿನವರದು, ಕೇಳುವ ಕರ್ಮ ಪ್ರಜೆಗಳದು. ಈ ಕ್ರಮ ತಿರುಗುಮುರುಗಾದದ್ದು ಹೇಗೆ?

ತಿಕೋಟಾ, ಬಬಲೇಶ್ವರದ ಕಡೆ ಹೋಳಿಹುಣ್ಣಿಮೆಗೆ ಹಲಗೆ ಬಾರಿಸುತ್ತ, ಅಂಗೈಯಿಂದ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವ ಹುಡುಗರಲ್ಲಿ ನಾನೂ ಒಬ್ಬನಾಗಿದ್ದೆ. ಆ ದಿನ ಗೌಡರ ಬಾಗಿಲಲ್ಲಿ ಕೂಗಿದರೂ ಗದರಿಸುವವರಿರಲಿಲ್ಲ. ಹಬ್ಬದ ಆ ಸಲಿಗೆಯನ್ನೇ ಚಳವಳಿಗಾರರು ಕಚೇರಿಗಳ ಮುಂದೆ ತಂದರು. ಬಾಯಿ ಬಡಿದುಕೊಳ್ಳುವುದು, ರೈತರು ಬಾರುಕೋಲು ಬೀಸಿ ಚಟೀರೆನಿಸುವುದು, ಎರಡೂ ನಮ್ಮ ಸೀಮೆಯ ಪ್ರತಿಭಟನೆಯ ರೂಪಗಳಾದವು.

ನಾವು ಆಟಕ್ಕೆ ಬಾರಿಸಿದ ಹಲಗೆಯನ್ನು ಮರುದಿನ ದಲಿತರು ಊರಿನ ಕಟ್ಟಳೆಗಾಗಿ ಬಾರಿಸಬೇಕಾಗಿತ್ತು. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಅವರೇ ಬೇಕು. ಅವರ ಸ್ವಂತ ದೂರಿಗೆ ಮಾತ್ರ ಅದು ಸಲ್ಲದು. ಅಂದು ಇದು ನನಗೆ ಹೊಳೆಯಲೇ ಇಲ್ಲ. 1970ರ ದಶಕದಲ್ಲಿ ದಲಿತ ಚಳವಳಿ ಬೆಳೆದ ಮೇಲೆ, ಈ ಬಿಟ್ಟಿ ಚಾಕರಿ ಒಲ್ಲೆವೆಂದು ಕೆಲವರು ಕೋಲು ಕೆಳಗಿಟ್ಟರು. ಕೆಲವರು ಅದೇ ವಾದ್ಯವನ್ನು ತಮ್ಮ ಮೆರವಣಿಗೆಯ ಮುಂದಿಟ್ಟರು. ಸದ್ದು ನಿಲ್ಲಿಸಿದವರನ್ನೂ ನಾನು ಈ ಚರಿತ್ರೆಯಲ್ಲಿಯೇ ಸೇರಿಸುತ್ತೇನೆ.

ಅಡುಗೆಮನೆಗೂ ಈ ವಿದ್ಯೆ ತಿಳಿದಿತ್ತು. 1972ರ ಬರಗಾಲದ ದಿನಗಳಲ್ಲಿ ಬೆಲೆ ಏರಿದಾಗ ಮುಂಬಯಿಯಲ್ಲಿ ಮೃಣಾಲ ಗೋರೆ, ಅಹಿಲ್ಯಾ ರಾಂಗ್ಣೇಕರ ಮೊದಲಾದವರ ಮುಂದಾಳುತನದಲ್ಲಿ ಗೃಹಿಣಿಯರು ತಾಟು, ಲಟ್ಟಣಿಗೆ ಹಿಡಿದು ಬೀದಿಗಿಳಿದರು. ಚಿಲಿ ದೇಶದಲ್ಲಿ 1971ರಲ್ಲಿ ಅಲೆಂದೆಯ ಸಮಾಜವಾದಿ ಸರಕಾರದ ವಿರುದ್ಧ ಬಡಿದ ಖಾಲಿ ಪಾತ್ರೆಗಳನ್ನು 1983ರಲ್ಲಿ ಪಿನೊಚೆಯ ಸೇನಾಡಳಿತದ ವಿರುದ್ಧವೂ ಬಡಿದರು. ಪಾತ್ರೆಗೆ ಪಕ್ಷವಿಲ್ಲ. ನಮ್ಮಲ್ಲಿಯೇ 2020ರ ಮಾರ್ಚ್ 22ರಂದು ಪ್ರಧಾನಿಯ ಕರೆಯಂತೆ ವೈದ್ಯರಿಗೆ ಕೃತಜ್ಞತೆಗಾಗಿ ಮೊಳಗಿದ ತಾಟು, ಅದೇ ವರ್ಷದ ಡಿಸೆಂಬರ್ 27ರಂದು ಅವರ ಬಾನುಲಿ ಭಾಷಣದ ಹೊತ್ತಿಗೆ ದಿಲ್ಲಿಯ ಗಡಿಯಲ್ಲಿ ಪ್ರತಿಭಟನಾನಿರತ ರೈತರ ಕೈಯಲ್ಲಿ ಮೊಳಗಿತು.

ಗದ್ದಲವೇ ನ್ಯಾಯವೆಂದು ನಾನು ಹೇಳಲಾರೆ; ಆಸ್ಪತ್ರೆಯ ಮುಂದೆ, ಪರೀಕ್ಷೆಯ ಕೋಣೆಯ ಮುಂದೆ ಅದು ಪೀಡೆಯೇ. ಆದರೆ ಮಾತಿನಲ್ಲಿ ಹೇಳಿ, ಅರ್ಜಿ ಬರೆದು, ಕಾದು ಸೋತವನು ಕೊನೆಗೆ ಹಲಗೆಗೆ ಕೈಹಾಕುತ್ತಾನೆ. ಗೋಳಗುಮ್ಮಟದ ಕಲ್ಲುಗೋಡೆ ಒಂದು ಚಪ್ಪಾಳೆಗೆ ಅಷ್ಟು ಸಲ ಓಗೊಡುತ್ತದೆ. ಕಚೇರಿಗಳು ಒಂದು ಸಲ ಓಗೊಟ್ಟರೂ ಸಾಕು.