ತೇಲುವ ಬೋನು, ಖಾಜನದ ಒಡ್ಡು

ಕಸ್ತೂರಿ ಇಲಿ ಎಂದೊಡನೆ ನಮ್ಮವರಿಗೆ ಮನೆಯ ಸುಂಡಿಲಿ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಉತ್ತರ ಅಮೆರಿಕದ ಮಸ್ಕ್‌ರಾಟ್ ಎಂಬ ನೀರುಪ್ರಾಣಿಯನ್ನು ಕುರಿತು. 1905ರಲ್ಲಿ ಪ್ರಾಗ್ ನಗರದ ಸಮೀಪ ಇಂಥ ಕೆಲವನ್ನು ಬಿಡಲಾಯಿತು; ಅವುಗಳ ಸಂತತಿ ಯುರೋಪಿನ ನದಿನಾಲೆಗಳನ್ನು ವ್ಯಾಪಿಸಿತು. ನೆಲದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವ ಹಾಲೆಂಡಿನಲ್ಲಿ ಒಡ್ಡು ಕೊರೆಯುವ ಪ್ರಾಣಿಯೆಂದರೆ ಪ್ರಳಯದ ಭಯ. ಅಲ್ಲಿ ನೀರಾವರಿ ಮಂಡಳಿಗಳು ಸಂಬಳ ಕೊಟ್ಟು ಬೇಟೆಗಾರರನ್ನು ಇರಿಸಿಕೊಂಡಿವೆ.

ಇದನ್ನು ಹಿಡಿಯುವ ಹಳೆಯ ಉಪಾಯಗಳಲ್ಲಿ ತೇಲುವ ಅಟ್ಟಣೆಯೊಂದು. ಎರಡು ದಿಮ್ಮಿಗಳ ಮೇಲೆ ಹಲಗೆ ಬಡಿದು, ದಡದ ಗೂಟಕ್ಕೆ ಸಡಿಲವಾಗಿ ಕಟ್ಟುತ್ತಾರೆ. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಬೋನು ಮುಳುಗದು, ಒಣಗಿಯೂ ನಿಲ್ಲದು. ಮೇಲೆ ಗಜ್ಜರಿಯ ಇಲ್ಲವೆ ಸೇಬಿನ ಹೋಳು. ಈಜುವ ಪ್ರಾಣಿ ಕುಳಿತು ತಿನ್ನಲು ಇಂಥ ತಾಣವನ್ನೇ ಅರಸುತ್ತದೆ. ಆ ಸ್ವಭಾವವನ್ನು ಅರಿತದ್ದೇ ಇಲ್ಲಿಯ ಜಾಣ್ಮೆ, ಬಡಗಿತನವಲ್ಲ.

ನಮ್ಮ ಸಾಂಖಳಿಯ ವಾಳವಂಟಿ ಸೇರುವ ಮಾಂಡವಿಯಲ್ಲಿ ಭರತದ ಉಪ್ಪುನೀರು ಒಳನಾಡಿಗೂ ಏರುತ್ತದೆ. ಅದನ್ನು ಮಣ್ಣಿನ ಒಡ್ಡಿನಿಂದ ತಡೆದು ಮಾಡಿದ್ದೇ ಗೋವೆಯ ಖಾಜನ ಗದ್ದೆ. ಕುಮಟಾದವರು ಗಜನಿ ಎನ್ನುವುದೂ ಇಂಥದನ್ನೇ. ಇಲ್ಲಿ ಒಡ್ಡು ಕೊರೆಯುವವು ಏಡಿ ಮತ್ತು ಹೆಗ್ಗಣ. ಅದಕ್ಕೆ ಬೋನಿಗಿಂತ ಕಾವಲೇ ಮದ್ದಾಗಿತ್ತು: ಗಾಂವಕಾರಿಗಳು ಒಡ್ಡು ನೋಡಿಕೊಳ್ಳುತ್ತಿದ್ದವು, ಬಿಲ ಕಂಡಲ್ಲಿ ಕೆಸರು ತುಂಬಿಸುತ್ತಿದ್ದವು. 1964ರ ಗೇಣಿ ಕಾಯಿದೆಯ ತರುವಾಯ ಆ ಹೊಣೆ ಗೇಣಿದಾರರ ಸಂಘಗಳ ಪಾಲಿಗೆ ಬಂತು. ಹಲವೆಡೆ ಮೀನಿನ ಆಸೆಗೆ ತೂಬುಗಳನ್ನು ತೆರೆದಿಡುತ್ತಾರೆ. ಒಡೆದ ಒಡ್ಡಿನ ಹಿಂದೆ ಭತ್ತದ ಜಾಗದಲ್ಲಿ ಈಗ ಕಾಂಡ್ಲಾ ಗಿಡ ನಿಂತಿದೆ.